ಹೊಸಿಲಾಚೆಯವರು

ನನ್ನ ತಮ್ಮ ಪಂಚಾಕ್ಷರಿಯಂಥ ಸಾಧು ಮನುಷ್ಯನನ್ನು ನಾನು ಕಂಡಿಲ್ಲ ಎಂದರೆ ನಮ್ಮೂರಿನವರು ನಗುತ್ತಾರೆ. ನಗಲಿ. ಅವರೂ ತಮ್ಮ ತಮ್ಮ ಮನೆಯವರ ಬಗ್ಗೆ ಅದನ್ನೇ ಹೇಳುತ್ತಾರೆ. ಮನೆಯೊಳಗೆ ನೋಡಿದರೆ ನಮ್ಮೂರಿನಲ್ಲಿ ಕೆಟ್ಟವರೇ ಇಲ್ಲ. ಹಾಲು ಉಕ್ಕುವ ಸದ್ದಿಗೆ ಹೆಂಡತಿಗಿಂತ ಮೊದಲೇ ಓಡುವ ಗಂಡಂದಿರು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವ ಸೊಸೆಯರು, ಅಪ್ಪ ಮಲಗಿದ್ದಾನೆಂದು ಪಿಸುಮಾತಿನಲ್ಲಿ ಜಗಳವಾಡುವ ಮಕ್ಕಳು ಯಾವ ಬಾಗಿಲು ತಟ್ಟಿದರೂ ಸಿಗುತ್ತಾರೆ. ಕಾಲು ಹೊಸಿಲಾಚೆ ಬಿದ್ದ ಮೇಲಿನ ಮಾತು ಬೇರೆ.

ಹೊಸಿಲು ದಾಟಿದವರಿಗೆ ಯಾರ ಗುರುತೂ ಹತ್ತುವುದಿಲ್ಲ. ಮೊದಲಿನಿಂದಲೂ ಹಾಗೆಯೇ. ತನ್ನ ಮನೆ ಯಾವ ಬೀದಿಯಲ್ಲಿದೆ, ಕೆಲಸ ಏನು, ಮನೆಯಲ್ಲಿ ಹೆಂಡತಿ ಇದ್ದಾಳೆ, ತಾಯಿ ಇದ್ದಾಳೆ ಎನ್ನುವುದೆಲ್ಲ ನೆನಪಿರುತ್ತದೆ. ಆದರೆ ಆ ತಾಯಿಯೇ ಎದುರಿಗೆ ಬಂದು ನಿಂತರೆ ಯಾರೋ ಮುದುಕಿ. ಮುಖ, ದನಿ, ನಾವೇ ಅಂಗಡಿಯಲ್ಲಿ ಆರಿಸಿ ತಂದುಕೊಟ್ಟ ಸೀರೆ, ಯಾವುದೂ ಗುರುತು ಹೇಳುವುದಿಲ್ಲ. ಒಳಗಿರುವವರು ಬಾಗಿಲಲ್ಲಿ ನಿಂತು ಹೊರಗೆ ನೋಡಿದರೂ ಅಷ್ಟೇ, ಬೀದಿಯಲ್ಲಿ ಇರುವವರೆಲ್ಲ ಅಪರಿಚಿತರು. ಮನೆಗೆ ಬಂದ ಮೇಲೆ ಹೊರಗೆ ಮಾಡಿದ್ದು, ಆಡಿದ್ದು, ಅನ್ನಿಸಿಕೊಂಡದ್ದು ಎಲ್ಲ ನೆನಪಿಗೆ ಬರುತ್ತದೆ. ಯಾರಿಗೆ ಮಾಡಿದೆವು, ಯಾರು ಅಂದರು ಎನ್ನುವ ಮುಖ ಮಾತ್ರ ಒರೆಸಿಹೋಗಿರುತ್ತದೆ.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಕಚೇರಿಗಳಲ್ಲಿ ಕುರ್ಚಿ ನೋಡಿ ಮಾತಾಡುತ್ತಾರೆ, ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೋ ಅವರೇ ಹೆಡ್ ಕ್ಲರ್ಕ್. ಶಾಲೆ ಬಿಟ್ಟಾಗ ತಾಯಂದಿರು ಮಕ್ಕಳ ಉಡಿದಾರದಲ್ಲಿರುವ ಬಿಲ್ಲೆ ನೋಡಿ, ತಮ್ಮ ಮನೆಯ ನಂಬರು ಇದ್ದರೆ ಆ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಾರೆ. ಮುದ್ದು ಮಾಡುವುದೇನಿದ್ದರೂ ಒಳಗೆ ಬಂದ ಮೇಲೆ. ದೊಡ್ಡವರ ಸೊಂಟದಲ್ಲೂ ಬಿಲ್ಲೆ ಇರುತ್ತದೆ, ಆದರೆ ಅದು ಬಟ್ಟೆಯ ಅಡಿಯಲ್ಲಿ. ಎಲ್ಲಾದರೂ ಬಿದ್ದುಹೋದವರ ಬಿಲ್ಲೆಯನ್ನು ಮುನಿಸಿಪಾಲಿಟಿಯವರು ತೆಗೆದು ನೋಡಿ ಅವರನ್ನು ಮನೆಗೆ ತಂದು ಹಾಕುತ್ತಾರೆ. ಅದನ್ನು ಎದೆಯ ಮೇಲೆ ನೇತುಹಾಕಿಕೊಂಡು ಓಡಾಡಿ ಎಂದು ಹಿಂದೊಮ್ಮೆ ಡಂಗುರ ಸಾರಿಸಿದ್ದರಂತೆ. ಒಬ್ಬರೂ ಹಾಕಿಕೊಳ್ಳಲಿಲ್ಲ. ಯಾರು ಹಾಕಿಕೊಳ್ಳುತ್ತಾರೆ ಹೇಳಿ. ಬೈಯುವ ಬಾಯಿಗೆ ವಿಳಾಸ ಯಾರಿಗೆ ಬೇಕಾಗಿದೆ.

ಇನ್ನೊಂದು ಕಟ್ಟುಪಾಡು ಇದೆ, ಅದನ್ನು ಯಾರೂ ಸಾರಿ ಹೇಳಬೇಕಾಗಿಲ್ಲ. ಹೊರಗೆ ಏನಾಯಿತು ಎಂದು ಮನೆಯಲ್ಲಿ ಕೇಳುವಂತಿಲ್ಲ, ಹೇಳುವಂತಿಲ್ಲ. ಸಂತೆಯಲ್ಲಿ ಒಬ್ಬ ನನಗೆ ಇಂಥ ಮಾತು ಅಂದ ಎಂದು ಹೆಂಡತಿ ಹೇಳುವಾಗ, ಎದುರಿಗೆ ಕೂತು ಉಣ್ಣುತ್ತಿರುವವನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡರೆ ಆ ಮನೆಯ ಗತಿಯೇನು? ಹಾಗಾಗಿ ಹಣೆ ಒಡೆದುಕೊಂಡು ಬಂದವರಿಗೂ ಅರಿಸಿನ ಹಚ್ಚಿ ಸುಮ್ಮನಾಗುತ್ತಾರೆ. ನನಗಂತೂ ಈ ಕಟ್ಟುಪಾಡು ದೊಡ್ಡ ಶಿಕ್ಷೆಯಾಗಿತ್ತು. ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದವಳು, ಮಂಡಿ ಕೆಟ್ಟ ಮೇಲೆ ಹೊಸಿಲು ದಾಟುವುದನ್ನೇ ಬಿಟ್ಟಿದ್ದೆ. ಊರೆಂದರೆ ನನಗೆ ನಮ್ಮ ಬಾಗಿಲಿನಷ್ಟು ಅಗಲ. ಸುದ್ದಿಗಾಗಿ ಬಾಯಿ ಬಾಯಿ ಬಿಡುತ್ತಿದ್ದವಳಿಗೆ, ಮನೆಯವರು ಒಳಗೆ ಬಂದು ಕಾಲು ತೊಳೆದುಕೊಂಡು "ಸಾರು ಏನು ಮಾಡಿದೀಯ ಅಕ್ಕ" ಎಂದಷ್ಟೇ ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

ಪಕ್ಕದ ಮನೆಯಲ್ಲಿ ವೃಷಭೇಂದ್ರಯ್ಯ ಎಂಬ ರಿಟೈರಾದ ಕಾಂಪೌಂಡರ್ ಇದ್ದಾರೆ. ನಮ್ಮ ಎರಡು ಮನೆಗೂ ಹಿತ್ತಿಲ ಕಡೆ ಒಂದೇ ಗೋಡೆ, ಅದರಲ್ಲೊಂದು ಸಣ್ಣ ಬಾಗಿಲು. ಬೀದಿಗೆ ಇಳಿಯದೆ ಬರಬಹುದಾದ್ದರಿಂದ ನನಗೆ ಅವರೊಬ್ಬರೇ ಮಾತಿಗೆ ಸಿಗುವವರು. "ಮುಖ ಇಲ್ಲದೋನಿಗೆ ನೋವೂ ಇರಲ್ಲ ಅಂತ ಜನಕ್ಕೆ ಅನ್ಸಿಬಿಡುತ್ತೆ, ಅದಕ್ಕೇ ಹೊರಗೆ ಇಷ್ಟು ಒರಟಾಗೋದು" ಎನ್ನುತ್ತಿದ್ದರು ಅವರು. ನಾನು ಒಪ್ಪುತ್ತಿರಲಿಲ್ಲ. "ಅದೆಲ್ಲ ಅಲ್ಲ ರೀ. ಮನೇಲಿ ದಿನಾ ಒಳ್ಳೆಯವರಾಗಿರೋದು ಅಂದ್ರೆ ಕಲ್ಲು ಹೊತ್ತ ಹಾಗೆ. ಆ ಸುಸ್ತನ್ನ ಎಲ್ಲಾದ್ರೂ ಇಳಿಸ್ಬೇಕಲ್ಲ" ಎನ್ನುತ್ತಿದ್ದೆ. ಇಬ್ಬರೂ ಮಾತಿಗೆ ಮಾತು ಬೆಳೆಸಿ ಕಾಫಿ ಕುಡಿದು ಏಳುತ್ತಿದ್ದೆವು. ಆಗೆಲ್ಲ ಅದು ನಮಗೆ ಹೊತ್ತು ಕಳೆಯುವ ಹರಟೆ.

ಪಂಚಾಕ್ಷರಿಯ ಹೆಂಡತಿ ದಾಕ್ಷಾಯಿಣಿ ಬಸುರಿಯಾದದ್ದು ಮದುವೆಯಾಗಿ ಬಹಳ ವರ್ಷಕ್ಕೆ. ಇನ್ನು ಆಗುವುದಿಲ್ಲ ಎಂದು ನಾವೆಲ್ಲ ಒಳಗೊಳಗೇ ತೀರ್ಮಾನ ಮಾಡಿಕೊಂಡ ಮೇಲೆ ಆಯಿತು. ನನ್ನ ತಮ್ಮನ ಸಂಭ್ರಮ ನೋಡಬೇಕಿತ್ತು ನೀವು. ಅವಳು ಕೊಡಪಾನ ಮುಟ್ಟುವಂತಿಲ್ಲ, ಬಗ್ಗಿ ಗುಡಿಸುವಂತಿಲ್ಲ. ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಇಡೀ ದಿನ ಕೂತು ಬೆನ್ನು ಹಿಡಿಸಿಕೊಂಡು ಬಂದವನು ರಾತ್ರಿ ಅವಳ ಪಾದ ಒತ್ತುತ್ತ ಕೂರುತ್ತಿದ್ದ. ಹಳೆಯ ಪಂಚೆಗಳನ್ನು ಹರಿದು ಮಗುವಿನ ಬಟ್ಟೆಗೆಂದು ತಾನೇ ಮಡಿಚಿಟ್ಟಿದ್ದ. "ಇಷ್ಟು ಮೆತ್ತಗಿದ್ರೆ ಸಾಕಾ ಅಕ್ಕ" ಎಂದು ನನ್ನ ಕೆನ್ನೆಗೆ ತಾಗಿಸಿ ಕೇಳಿದ್ದ. ನನಗೆ ಮಕ್ಕಳಿಲ್ಲ, ಅವನಿಗಾದರೂ ಆಗುತ್ತಿದೆಯಲ್ಲ ಎಂದು ಒಬ್ಬಳೇ ಇದ್ದಾಗ ಅತ್ತಿದ್ದೆ.

ಅವಳು ತಪಾಸಣೆಗೆಂದು ಆಸ್ಪತ್ರೆಗೆ ಹೋಗಿ ಬಸ್ಸಿನಲ್ಲಿ ಹಿಂತಿರುಗಿದ ದಿನ ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಬಾಗಿಲು ದಾಟಿ ಬಂದವಳು ಗೋಡೆ ಹಿಡಿದು ನಿಂತಳು. ಸೀರೆಯ ನೆರಿಗೆ ಒದ್ದೆಯಾಗಿತ್ತು. ವೃಷಭೇಂದ್ರಯ್ಯನವರು ಓಡಿ ಬಂದರು, ಸೂಲಗಿತ್ತಿಯನ್ನು ಕರೆಸಿದರು, ಏನೂ ಉಳಿಯಲಿಲ್ಲ. ಸಂಜೆ ಪಂಚಾಕ್ಷರಿ ಬಂದು ಅವಳ ಪಕ್ಕ ಕೂತು ಮಗುವಿನ ಹಾಗೆ ಅತ್ತ. ಏನಾಯಿತು ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಟ್ಟುಪಾಡಲ್ಲವೇ.

ಆಮೇಲೆ ಅವಳು ಗಂಡನನ್ನು ನೋಡುವ ರೀತಿಯೇ ಬದಲಾಯಿತು. ಅವನು ಊಟಕ್ಕೆ ಕೂತರೆ ಅವಳ ಕಣ್ಣು ಅವನ ಮೊಣಕೈ ಮೇಲೆ. ಅವನು ನೀರು ಕೊಡು ಎಂದರೆ, ಆ ದನಿಯನ್ನು ಎಲ್ಲೋ ಕೇಳಿದವಳ ಹಾಗೆ ಒಂದು ಗಳಿಗೆ ನಿಂತು ಆಲಿಸುವಳು. ಹಾಸಿಗೆಯನ್ನು ನನ್ನ ಕೋಣೆಗೆ ತಂದುಕೊಂಡಳು. ಕೇಳಿದರೆ, "ಒಂದು ವಿಷಯ ಗೊತ್ತಾಗೋವರೆಗೂ ಅಲ್ಲಿ ಮಲಗೋಕೆ ಆಗಲ್ಲ ಅತ್ತಿಗೆ" ಎಂದಳು. ಯಾವ ವಿಷಯ ಎಂದು ನಾನು ಕೇಳಬೇಕಾಗಿರಲಿಲ್ಲ. ತನ್ನ ಮಗುವನ್ನು ಕೊಂದ ಕೈ ತನ್ನ ಮನೆಯದೋ ಅಲ್ಲವೋ ಎನ್ನುವುದು ಗೊತ್ತಾಗದೆ ಆ ಹುಡುಗಿ ಬೇಯುತ್ತಿದ್ದಳು.

ಒಂದು ದಿನ ಅವಳೇ ಬಾಯಿ ಬಿಟ್ಟಳು. ಮೂವರೂ ಊಟಕ್ಕೆ ಕೂತಿದ್ದೆವು. "ಅವತ್ತು ಬಸ್ಸಲ್ಲಿ ಆಗಿದ್ದನ್ನ ಹೇಳ್ತೀನಿ, ಇಬ್ಬರೂ ಕೇಳಿಸ್ಕೊಳ್ಳಿ" ಎಂದಳು.

"ದಾಕ್ಷಿ, ಬೇಡ ಕಣೆ" ಎಂದೆ.

"ಕೋಟೆ ಬಾಗಿಲ ಹತ್ರ ಬಸ್ ನಿಲ್ತು. ನಾನು ಕಂಬಿ ಹಿಡ್ಕೊಂಡು ನಿಧಾನಕ್ಕೆ ಇಳೀತಿದ್ದೆ. ಹಿಂದಿಂದ ಒಬ್ಬ, ಇಳಿಯೋದಾದ್ರೆ ಇಳಿ, ಇಲ್ಲಾಂದ್ರೆ ಅಲ್ಲೇ ಸಾಯಿ ಅಂದ. ಅಂದು ಮೊಣಕೈ ಹಾಕಿ ತಿವಿದ. ಮೆಟ್ಟಲಿಂದ ಕೆಳಕ್ಕೆ ಬಿದ್ದೆ. ನನ್ನ ದಾಟ್ಕೊಂಡು ಹೋದ." ಅನ್ನ ಕಲಸುತ್ತಿದ್ದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಗಂಡನ ಕಡೆ ತಿರುಗಿದಳು. "ಅದು ನೀವಾ?"

ಪಂಚಾಕ್ಷರಿ ತುತ್ತು ಕೆಳಗಿಟ್ಟ. ತನ್ನ ಕೈಯನ್ನೇ ನೋಡಿಕೊಂಡ. "ಗೊತ್ತಿಲ್ಲ ದಾಕ್ಷಿ" ಎಂದ.

"ಗೊತ್ತಿಲ್ಲ ಅಂದ್ರೆ?"

"ನಾನೂ ಆ ಬಸ್ಸಿಗೇ ಬರೋದು. ಕೋಟೆ ಬಾಗಿಲಲ್ಲೇ ಇಳಿಯೋದು. ಇಳಿ, ಇಲ್ಲಾಂದ್ರೆ ಸಾಯಿ ಅಂತ ನಾನೂ ಅಂತೀನಿ. ದಿನಾ ಅಂತೀನಿ. ಅಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅವತ್ತು ಮಧ್ಯಾಹ್ನ ಶೋ ಇರ್ಲಿಲ್ಲ, ಬೇಗ ಬಂದು ಅಲ್ಲೇ ಇಳ್ದು, ಪೇಟೆ ಸುತ್ಕೊಂಡು ಸಂಜೆಗೆ ಮನೆಗೆ ಬಂದೆ. ಯಾರನ್ನ ತಳ್ಳಿದೆ ಅಂತ ನೆನಪಿಟ್ಕೊಂಡಿಲ್ಲ. ನೆನಪಿಟ್ಕೋಬೇಕು ಅಂತ ಯಾವತ್ತೂ ಅನ್ಸೇ ಇರ್ಲಿಲ್ಲ."

"ಯಾಕ್ರೀ ತಳ್ಳಬೇಕು? ಇಲ್ಲಿ ಇರುವೆ ಕಂಡ್ರೆ ಕಾಲು ಎತ್ತಿ ನಡೀತೀರಲ್ಲ."

"ಆ ಟಿಕೆಟ್ ಕಿಂಡೀಲಿ ಬರೀ ಕೈಗಳು ಬರುತ್ವೆ" ಎಂದ. "ಕೈ ಮತ್ತೆ ಬೈಗುಳ. ಬೆಳಗಿನ ಆಟದಿಂದ ಅನ್ನಿಸ್ಕೊಂಡು ಅನ್ನಿಸ್ಕೊಂಡು, ಬಸ್ ಹತ್ತೋ ಹೊತ್ತಿಗೆ ಮೈಯೆಲ್ಲ ಉರೀತಿರುತ್ತೆ. ಅಲ್ಲಿ ಒಬ್ಬರನ್ನ ಜೋರಾಗಿ ತಳ್ಳಿಬಿಟ್ರೆ ತಣ್ಣಗಾಗುತ್ತೆ. ತಳ್ಳಿಸ್ಕೊಂಡೋರು ಯಾರೋ ಏನೋ. ಮನೆಗೆ ಬರೋ ಹೊತ್ತಿಗೆ ನಾನು ಸರಿಹೋಗಿರ್ತೀನಿ."

"ಅಂದ್ರೆ ನೀವು ಇಲ್ಲಿ ಇಷ್ಟು ಒಳ್ಳೆಯವರಾಗಿರೋದಕ್ಕೆ ಆ ಬಸ್ಸಲ್ಲಿರೋರು ಒದೆ ತಿಂತಿದ್ರು" ಎಂದಳು ದಾಕ್ಷಿ. ಆಮೇಲೆ ಅವಳ ದನಿ ಇಳಿಯಿತು. "ನೀವಲ್ಲ ಅಂತ ಹೇಳಿಬಿಡಿ. ಸುಳ್ಳಾದ್ರೂ ಪರವಾಗಿಲ್ಲ, ನಾನು ನಂಬ್ತೀನಿ."

ಅಷ್ಟು ಹೇಳಿದ್ದರೆ ಆಗಿಹೋಗುತ್ತಿತ್ತು. ನನ್ನ ತಮ್ಮ ಹೇಳಲಿಲ್ಲ. ಮನೆಯೊಳಗೆ ಅವನು ಸುಳ್ಳಾಡಿದವನೇ ಅಲ್ಲ. ಎದ್ದು ಕೈ ತೊಳೆದುಕೊಂಡು ಹಿತ್ತಿಲಲ್ಲಿ ಹೋಗಿ ಕೂತ. ದಾಕ್ಷಿ ಮೂವರ ತಟ್ಟೆಯನ್ನೂ ಎತ್ತಿಕೊಂಡು ಹೋದಳು. ಆ ರಾತ್ರಿಯಿಂದ ಅವರಿಬ್ಬರ ನಡುವೆ ಮಾತು ನಿಂತುಹೋಯಿತು. ಏನಾದರೂ ಬೇಕಾದರೆ ನನ್ನ ಮೂಲಕ ಕೇಳುತ್ತಿದ್ದರು, ನಾನೊಬ್ಬಳು ಮಧ್ಯೆ ಪೋಸ್ಟ್ ಪೇದೆ.

ಇದಾದ ಮೇಲೆ ಪಂಚಾಕ್ಷರಿ ಮೈಮೇಲೆ ಗಾಯ ಮಾಡಿಕೊಂಡು ಬರತೊಡಗಿದ. ಒಂದು ದಿನ ಅಂಗಿಯ ತೋಳು ಹರಿದಿತ್ತು, ಇನ್ನೊಂದು ದಿನ ತುಟಿ ಊದಿತ್ತು. ದಾಕ್ಷಿ ಸಂತೆಗೆ ಹೋಗಿದ್ದ ಹೊತ್ತು ನೋಡಿ ಅವನನ್ನು ಹಿಡಿದು ಕೂರಿಸಿ ಕೇಳಿದೆ. ಕಟ್ಟುಪಾಡು ಮುರಿದದ್ದಾಗಿದೆ, ಇನ್ನೇನು ಎಂದುಕೊಂಡೆ. ಅವನು ನಾಚಿಕೊಂಡು ಹೇಳಿದ. ಈಗೀಗ ಅವನು ಬಸ್ಸಿನಲ್ಲಿ ಹೆಂಗಸರಿಗೆ ಸೀಟು ಬಿಟ್ಟುಕೊಡುತ್ತಾನಂತೆ. ಇಳಿಯುವವರಿಗೆ ದಾರಿ ಬಿಡುತ್ತಾನಂತೆ. "ಬನ್ನಿ ಅಮ್ಮ, ನಿಧಾನ ಅಮ್ಮ" ಎನ್ನುತ್ತಾನಂತೆ. "ಹೊರಗೆ ಹೋದ್ರೆ ದಾಕ್ಷಿ ಯಾರು ಅಂತ ಗೊತ್ತಾಗಲ್ವಲ್ಲ ಅಕ್ಕ. ಅದಕ್ಕೆ ಎಲ್ಲರೂ ದಾಕ್ಷೀನೇ ಅಂತ ಇಟ್ಕೊಂಡುಬಿಟ್ಟಿದೀನಿ" ಎಂದ.

ನಮ್ಮೂರಿನಲ್ಲಿ ಹೊರಗೆ ನಯವಾಗಿ ಮಾತಾಡುವವರು ಜೇಬುಗಳ್ಳರು ಮಾತ್ರ. ಯಾರಾದರೂ ಬನ್ನಿ ಹೋಗಿ ಎಂದರೆ ಜನ ಮೊದಲು ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ವೃಷಭೇಂದ್ರಯ್ಯನವರೂ ಬಂದು ಬುದ್ಧಿ ಹೇಳಿದರು. "ಬೈಬೇಡ, ತಳ್ಳಬೇಡ, ಅದು ಸರಿ. ಆದ್ರೆ ಬಾಯಿ ಮುಚ್ಕೊಂಡು ಇರು ಮಾರಾಯ. ನಿನ್ನ ಮರ್ಯಾದೆ ಮಾತು ಯಾರಿಗೆ ಬೇಕು?" ಪಂಚಾಕ್ಷರಿ ತಲೆಯಾಡಿಸಿದ. ಬಿಡಲಿಲ್ಲ. ನಾನು ಅವನ ಹೆಂಡತಿಗೆ ಹೇಳುತ್ತೇನೆ ಎಂದರೆ, "ಹೇಳಬೇಡ. ತೋರಿಸ್ಕೊಳ್ಳೋಕೆ ಮಾಡ್ತಿದಾನೆ ಅಂದ್ಕೋತಾಳೆ" ಎಂದು ನನ್ನ ಕೈ ಹಿಡಿದುಕೊಂಡ.

ದಾಕ್ಷಿಯ ದಾರಿ ಇದಕ್ಕೆ ತಿರುವುಮುರುವಾಗಿತ್ತು. ಬೇಕಿರಲಿ ಬೇಡದಿರಲಿ ದಿನವೂ ಹೊರಗೆ ಹೋಗುತ್ತಿದ್ದಳು. ಹೋಗುವಾಗ ಬಿಳುಚಿಕೊಂಡಿದ್ದ ಮುಖ ಬರುವಾಗ ಕೆಂಪಗಿರುತ್ತಿತ್ತು. ಹೊರಗೆ ಏನು ಮಾಡುತ್ತಿದ್ದಳೋ, ಒಳಗೆ ಬಂದ ಮೇಲೆ ಒಂದು ಗಂಟೆಯಾದರೂ ಹಗುರಾಗಿ ಓಡಾಡಿಕೊಂಡಿರುತ್ತ ನನ್ನ ಜಡೆ ಹೆಣೆದುಕೊಡುತ್ತಿದ್ದಳು. ಪಾಪ, ಅವಳ ಮೈಯೂ ಉರಿಯುತ್ತಿತ್ತಲ್ಲ.

ಆ ದಿನವೂ ಹಾಗೆಯೇ ಬಂದಳು. ಬಾಗಿಲು ದಾಟುತ್ತಲೇ, "ಅತ್ತಿಗೆ, ಇವತ್ತು ಒಬ್ಬನಿಗೆ ಬಿತ್ತು ನೋಡಿ" ಎಂದಳು. ನಾನು ಕೇಳದಿದ್ದರೂ ಹೇಳಿದಳು. ತರಕಾರಿ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳಂತೆ. ಒಬ್ಬ ಹತ್ತಿರ ಬಂದನಂತೆ. "ಅಮ್ಮಾ, ಭಾರ ಇದೆ, ಕೊಡಿ ಹಿಡ್ಕೋತೀನಿ, ನೀವು ಮೊದಲು ಹತ್ತಿ ಅಂದ. ಅಷ್ಟು ಬೆಣ್ಣೆ ಹಚ್ಚಿ ಮಾತಾಡಿದ್ರೆ ಗೊತ್ತಾಗಲ್ವಾ ನಂಗೆ? ಚೀಲಕ್ಕೆ ಕೈಯೇ ಹಾಕಿದ. ನನ್ನ ಮಡಿಲು ಖಾಲಿ ಮಾಡಿದ್ದು ಸಾಲದು ಅಂತ ಚೀಲಕ್ಕೂ ಕೈ ಹಾಕ್ತೀಯಾ ಅಂತ ಕೂಗ್ಕೊಂಡೆ. ಜನ ಮುತ್ಕೊಂಡ್ರು. ನಾನೂ ಚಪ್ಪಲಿ ಬಿಚ್ಚಿ ಮುಖಕ್ಕೆ ಹೊಡೆದೆ ಅತ್ತಿಗೆ, ಕೈ ಸೋಲೋವರೆಗೂ ಹೊಡೆದೆ. ಆಮೇಲೆ ಗಂಡಸರು ಎಳ್ಕೊಂಡು ಹೋಗಿ ಒದ್ರು."

ಬಡಿಸಿ ಎಂದಳು. ಮಗು ಹೋದ ಮೇಲೆ ಮೊದಲ ಸಲ ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡಳು. ಊರಲ್ಲಿ ಜೇಬುಗಳ್ಳರು ಬೇಕಾದಷ್ಟು ಜನ ಇದ್ದಾರೆ, ಅವನೇ ಏಕಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟಾಕೀಸಿನಲ್ಲಿ ಮಧ್ಯಾಹ್ನದ ಆಟ ಶುರುವಾಗಿರುತ್ತದೆ, ಅವನು ಕಿಂಡಿಯ ಹಿಂದೆ ಕೂತಿರುತ್ತಾನೆ ಎಂದುಕೊಂಡೆ. ಆದರೂ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ.

ಮುನಿಸಿಪಾಲಿಟಿಯ ಕೈಗಾಡಿ ಬಂದು ನಿಂತಿತು. "ಈ ನಂಬರು ನಿಮ್ದಾ? ಬೇಗ ಎಳ್ಕೊಳ್ಳಿ, ಗಾಡೀಲಿ ಇನ್ನೂ ಜನ ಇದಾರೆ" ಎಂದು ಗಾಡಿಯವನು ರೇಗಿದ. ಕಟ್ಟೆಯ ಮೇಲೆ ಹಾಕಿಹೋದ ಆ ಮನುಷ್ಯನನ್ನು ನೋಡಿದರೆ ಯಾರೋ ಏನೋ, ಮುಖ ಬಾತುಕೊಂಡು ರಕ್ತ ಹೆಪ್ಪುಗಟ್ಟಿತ್ತು. ದಾಕ್ಷಿ ಒಳಗಿನಿಂದಲೇ ಬಗ್ಗಿ ಅವನ ಕಂಕುಳಿಗೆ ಕೈಹಾಕಿ ಎಳೆದಳು. ತಲೆ ಹೊಸಿಲಿನಿಂದ ಈಚೆ ಬರುತ್ತಿದ್ದಂತೆ ಅದು ನನ್ನ ಪಂಚಾಕ್ಷರಿಯಾಯಿತು.

ಅವಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಕೆನ್ನೆಯ ಮೇಲೆ ಚಪ್ಪಲಿಯ ಅಂಚು ಮೂಡಿತ್ತು. ಅವಳು ಇನ್ನೂ ಅದನ್ನು ನೋಡಿಯೂ ನೋಡಿರಲಿಲ್ಲ, ಎಷ್ಟೋ ವಾರಗಳ ಮೇಲೆ ಗಂಡನನ್ನು ಮುಟ್ಟಿದ ಗಾಬರಿಯಲ್ಲಿದ್ದಳು. ಪಂಚಾಕ್ಷರಿ ಕಣ್ಣು ಬಿಟ್ಟ. ಅವಳು ಮುಟ್ಟಿದ್ದೇ ಅವನಿಗೆ ಹಬ್ಬವಾಗಿರಬೇಕು, ಆ ಸ್ಥಿತಿಯಲ್ಲೂ ಮಾತಾಡುವ ಆಸೆ.

"ಯಾರೋ ಹೆಣ್ಣುಮಗಳು ದಾಕ್ಷಿ" ಎಂದ. "ಇವತ್ತೂ ಮಧ್ಯಾಹ್ನ ಶೋ ಇರ್ಲಿಲ್ಲ, ಬೇಗ ಹೊರಟಿದ್ದೆ. ಚೀಲ ಹಿಡ್ಕೊಳ್ಳೋಣ ಅಂತ ಹೋದೆ. ಅವಳನ್ನ ಬೈಬೇಡ. ನನ್ನ ಮಡಿಲು ಖಾಲಿ ಮಾಡಿದ್ದು ಸಾಲದಾ ಅಂದಳು. ಅವಳಿಗೂ ನಿನ್ನ ಹಾಗೇ ಆಗಿತ್ತೋ ಏನೋ, ಪಾಪ."

ಒರೆಸುತ್ತಿದ್ದ ಕೈ ನಿಂತಿತು. ದಾಕ್ಷಿ ತಲೆಯೆತ್ತಿ ನನ್ನನ್ನು ನೋಡಿದಳು. ಹೇಳಬೇಡಿ ಎಂದು ಬೇಡುವ ಹಾಗೆ ಮೊದಲು ನೋಡಿದಳು, ಆಮೇಲೆ ಆ ನೋಟವೂ ಹೋಯಿತು. ಪಂಚಾಕ್ಷರಿ ಕೆಳಗಿನಿಂದ ಅವಳ ಗದ್ದವನ್ನೇ ನೋಡುತ್ತಿದ್ದ. ಅವನಿಗೆ ನಿಧಾನವಾಗಿ ತಿಳಿಯಿತು. ಕಣ್ಣು ಮುಚ್ಚಿಕೊಂಡ.

"ನೀವು ಅವತ್ತು ನಾನಲ್ಲ ಅಂತ ಸುಳ್ಳು ಹೇಳ್ಲಿಲ್ಲ" ಎಂದಳು ದಾಕ್ಷಿ. "ನಾನೂ ಹೇಳಲ್ಲ. ಅದು ನಾನೇ ರೀ."

"ನಾನು ಚೀಲ ಮುಟ್ಟಬಾರದಿತ್ತು" ಎಂದ ಅವನು. "ದೂರ ನಿಂತು ಕೇಳ್ಬೇಕಿತ್ತು. ನನಗೆ ಇನ್ನೂ ಸರಿಯಾಗಿ ಬರ್ತಿರ್ಲಿಲ್ಲ ನೋಡು."

ವೃಷಭೇಂದ್ರಯ್ಯನವರು ಹಿತ್ತಿಲ ಬಾಗಿಲಿನಿಂದ ಬಂದು ಹೊಟ್ಟೆ ಒತ್ತಿ ನೋಡಿದರು. ಒತ್ತಿದಲ್ಲೆಲ್ಲ ಗಟ್ಟಿಯಾಗಿತ್ತು. ಒಳಗೆ ರಕ್ತ ಸೋರುತ್ತಿದೆ, ಕೂಡಲೇ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಕತ್ತಲಾಗುವವರೆಗೂ ಕಾಯುವಂತಿಲ್ಲ ಎಂದರು. ಅಂದರೆ ಹೊಸಿಲು ದಾಟಬೇಕು. ರೋಗಿಗಳನ್ನು ಹೊರಗೆ ಕರೆದುಕೊಂಡು ಹೋಗುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಒಂದು ಉದ್ದನೆಯ ಬಟ್ಟೆಯಿಂದ ರೋಗಿಯ ಮಣಿಕಟ್ಟನ್ನು ಕರೆದುಕೊಂಡು ಹೋಗುವವರ ಮಣಿಕಟ್ಟಿಗೆ ಕಟ್ಟುತ್ತಾರೆ. ಹೊರಗೆ ಹೋದ ಮೇಲೆ ಪಕ್ಕದಲ್ಲಿರುವವರು ಯಾರೋ ಎನಿಸಿದರೂ, ಈ ಗಂಟು ಹಾಕಿದ್ದು ನಾನು, ಹಾಗಿದ್ದ ಮೇಲೆ ಇವರು ನನ್ನವರೇ ಇರಬೇಕು ಎಂದು ಬುದ್ಧಿ ಹೇಳುತ್ತದೆ. ಮನಸ್ಸು ಏನೂ ಹೇಳುವುದಿಲ್ಲ. ಸಾಲಿನಲ್ಲಿ ನಿಂತು ಬೇಸತ್ತು ಗಂಟು ಬಿಚ್ಚಿ ಮನೆಗೆ ಬಂದವರೂ ಇದ್ದಾರೆ. ಬಂದ ಮೇಲೆ ಅವರು ಏನಾದರು ಎಂದು ನಾನು ಹೇಳುವುದಿಲ್ಲ.

ದಾಕ್ಷಿ ಬಟ್ಟೆ ತಂದಳು. ಪಂಚಾಕ್ಷರಿ ಕೈ ಹಿಂದಕ್ಕೆ ಎಳೆದುಕೊಂಡ. "ಬೇಡ ದಾಕ್ಷಿ. ಇಲ್ಲೇ ಇದ್ದುಬಿಡ್ತೀನಿ. ಇಲ್ಲಿದ್ರೆ ನೀನು ನೀನಾಗಿರ್ತೀಯ. ಹೊರಗೆ ಯಾರ ಪಕ್ಕದಲ್ಲೋ ಸಾಯೋದು ಬೇಡ."

ಅವಳು ಒಂದು ಕ್ಷಣ ಆಸೆಪಟ್ಟದ್ದು ನಿಜ. ಅವನನ್ನು ಹೀಗೆಯೇ ತೊಡೆಯ ಮೇಲೆ ಇಟ್ಟುಕೊಂಡು, ಅವನಿಗೆ ಅವಳು ಗೊತ್ತಿರುವಂತೆಯೇ, ಅವಳಿಗೆ ಅವನು ಗೊತ್ತಿರುವಂತೆಯೇ ಮುಗಿಸಿಬಿಡಬಹುದಲ್ಲ ಎನ್ನುವ ಆಸೆ ಅವಳ ಮುಖದ ಮೇಲೆ ಹಾದುಹೋಯಿತು. "ಕರ್ಕೊಂಡು ಹೋದ್ರೆ ಉಳೀತಾರಾ?" ಎಂದು ವೃಷಭೇಂದ್ರಯ್ಯನವರನ್ನು ಕೇಳಿದಳು. "ಬೇಗ ನೋಡಿದ್ರೆ ಉಳೀಬಹುದು" ಎಂದರು ಅವರು. ಅಷ್ಟೇ ಸಾಕಾಯಿತು ಅವಳಿಗೆ. "ನೀವು ಉಳೀಬೇಕು" ಎಂದಳು ಗಂಡನಿಗೆ. "ಹೊರಗೆ ನಾನು ಎಂಥಾ ಹೆಂಗಸೇ ಆಗ್ಲಿ, ಗಂಟು ಬಿಚ್ಚಲ್ಲ." ಬಟ್ಟೆಯನ್ನು ನೀರಲ್ಲಿ ಅದ್ದಿ, ಗಂಟಿನ ಮೇಲೆ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದಳು.

ಆಟೋ ಬಂತು. ವೃಷಭೇಂದ್ರಯ್ಯನವರೂ ಅವಳೂ ಅವನನ್ನು ಎತ್ತಿಕೊಂಡು ಹೊಸಿಲು ದಾಟಿದರು. ದಾಟಿದ್ದೇ ತಡ ಕಟ್ಟೆಯ ಮೇಲೆ ನನಗೆ ಗೊತ್ತಿಲ್ಲದ ಮೂವರು ನಿಂತಿದ್ದರು. ಹೆಂಗಸು ತನ್ನ ಕೈಗೆ ಕಟ್ಟಿದ ಬಟ್ಟೆಯನ್ನು ನೋಡಿಕೊಂಡಳು, ಅದರ ಇನ್ನೊಂದು ತುದಿಯಲ್ಲಿದ್ದ ಮನುಷ್ಯನನ್ನು ನೋಡಿದಳು. ಮುಖ ಸಿಂಡರಿಸಿದಳು. ಆ ಮನುಷ್ಯ ನರಳುತ್ತಲೇ, "ನಿಮಗೆ ತೊಂದರೆ ಆಯ್ತು ಅಮ್ಮ" ಎಂದ. ಅವಳು ಅವನನ್ನು ಆಟೋದೊಳಕ್ಕೆ ನೂಕಿ, ಹತ್ತಿಕೊಂಡಳು. ಎತ್ತಲು ಬಂದಿದ್ದ ಮುದುಕ ನಮ್ಮ ಕಟ್ಟೆಗೆ ಉಗಿದು ಪಕ್ಕದ ಮನೆಯೊಳಗೆ ಹೋದ.

ಅವರು ಬರುವವರೆಗೆ ನಾನು ಬಾಗಿಲಿನ ಒಳಗಡೆ ಮಣೆ ಹಾಕಿಕೊಂಡು ಕೂತಿದ್ದೆ. ದೀಪ ಹಚ್ಚುವ ಹೊತ್ತಾಯಿತು. ಬೀದಿಯ ಆ ಕಡೆಯಿಂದ ಒಬ್ಬಳು ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಲೆಳೆಯುತ್ತ ಬಂದಳು. ಒಬ್ಬಳೇ ಬಂದಳು. ಮಣಿಕಟ್ಟಿನಲ್ಲಿ ಒಂದು ಬಟ್ಟೆಯ ತುಂಡು ಜೋತಾಡುತ್ತಿತ್ತು. ಬಂದು ನಮ್ಮ ಕಟ್ಟೆ ಹತ್ತಿದಳು.

"ಯಾರಮ್ಮ?" ಎಂದೆ. ಗೊತ್ತಾಗಿಯೂ ಕೇಳಿದೆ.

"ಯಾರಮ್ಮ ಅಂದ್ರೇನು? ನನ್ನ ಮನೆ ಇದು. ನೀನ್ಯಾರು ಕಾವಲು ಕೂತಿರೋಳು? ಏಳು, ಕಾಲು ಬಿದ್ದುಹೋಗ್ತಿದೆ ನಂಗೆ."

"ನಿನ್ನ ಜೊತೆ ಇದ್ದೋರು ಎಲ್ಲಮ್ಮ?"

"ಆ ಮನುಷ್ಯನಾ? ಹೋದ. ಚೀಟಿ ಮಾಡಿಸೋ ಸಾಲಲ್ಲೇ ಹೋದ. ಒಂದು ನರಪಿಳ್ಳೆ ದಾರಿ ಬಿಡ್ಲಿಲ್ಲ. ನಾವೇನು ಕತ್ತೆ ಕಾಯೋಕೆ ಬಂದಿದೀವಾ, ಸಾಯೋದಾದ್ರೆ ಸಾಲಲ್ಲಿ ಸಾಯ್ಲಿ ಅಂದ್ರು. ನನ್ನ ಗಂಡನೇ ಇರ್ಬೇಕು, ಗಂಟು ಹಾಕಿದ್ದು ನಾನೇ ಅಲ್ವಾ. ನರ್ಸು ಬಿಚ್ಚು ಬಿಚ್ಚು ಅಂತ ಬಡ್ಕೊಂಡಳು. ಬಿಚ್ಚಲ್ಲ ಅಂದೆ. ಅವಳೇ ಕತ್ತರಿ ಹಾಕಿದಳು. ಒಂದು ತೊಟ್ಟು ಕಣ್ಣೀರು ಬರ್ಲಿಲ್ಲ, ಎಂಥಾ ಹೆಂಗಸು ಇವಳು ಅಂತ ಪಕ್ಕದೋಳು ಬೇರೆ ಬೈದಳು. ಬರ್ದೆ ಇದ್ರೆ ಏನ್ಮಾಡ್ಲಿ? ಹೆಣ ಅಲ್ಲೇ ಇದೆ, ನಾಳೆ ಗಾಡೀಲಿ ಕಳಿಸ್ತಾರಂತೆ. ದಿನವೆಲ್ಲ ಹಾಳಾಯ್ತು. ಎದ್ದೇಳು ಅಂದೆನಲ್ಲ."

ನನ್ನ ತಮ್ಮ ಹೋಗಿದ್ದ. ಹೊಟ್ಟೆಯೊಳಗಿನಿಂದ ಎದ್ದುಬಂದ ಕೂಗನ್ನು ಸೆರಗು ಬಾಯಿಗೆ ಒತ್ತಿ ತಡೆದುಕೊಂಡೆ. ಅಳುವುದಕ್ಕೆ ನನಗೆ ಬದುಕೆಲ್ಲ ಇತ್ತು. ಎದುರಿಗೆ ನಿಂತಿದ್ದ ಆ ಹೆಂಗಸಿಗೆ ಸೊಂಟದ ನೋವು ಬಿಟ್ಟರೆ ಇನ್ನು ಯಾವ ನೋವೂ ಇರಲಿಲ್ಲ. ಬೆವರು ಒರೆಸಿಕೊಂಡು, ಬೀದಿಯವರನ್ನು ಬೈದುಕೊಂಡು, ಮನೆ ಸೇರಿದೆನಲ್ಲ ಎನ್ನುವ ನೆಮ್ಮದಿಯಲ್ಲಿ ನಿಂತಿದ್ದಳು. ಅವಳು ಅಲ್ಲಿ ನಿಂತಿರುವಷ್ಟು ಹೊತ್ತು ಹಾಗೆಯೇ ಇರುತ್ತಾಳೆ. ಕೆಟ್ಟ ಮಂಡಿಯ ಮೇಲೆ ಹೇಗೆ ಎದ್ದೆನೋ ತಿಳಿಯದು, ಎದ್ದು ಬಾಗಿಲ ಎರಡೂ ಚೌಕಟ್ಟಿಗೆ ಕೈಯೊತ್ತಿ ಅಡ್ಡ ನಿಂತೆ.

"ಸ್ವಲ್ಪ ಹೊತ್ತು ಕಟ್ಟೆ ಮೇಲೆ ಕೂತ್ಕೊಳಮ್ಮ" ಎಂದೆ. "ನೀರು ತಂದ್ಕೊಡ್ತೀನಿ. ಅಲ್ಲೇ ಊಟ ಹಾಕ್ತೀನಿ. ಒಳಗೆ ಮಾತ್ರ ಬರಬೇಡ. ಇವತ್ತೊಂದು ರಾತ್ರಿ ಬರಬೇಡ ನನ್ನವ್ವ."

"ಏನು, ನನ್ನ ಮನೆಗೆ ನನ್ನನ್ನೇ ಬಿಡಲ್ವಾ? ಇಷ್ಟು ನಯವಾಗಿ ಮಾತಾಡ್ತೀಯ ಅಂದ್ರೆ ಒಳಗೆ ಏನು ಕದ್ದು ಇಟ್ಕೊಂಡಿದೀಯ?" ಎಂದಳು. "ಸರಿ ಆಚೆಗೆ, ಮುದಿ ಗೂಬೆ."

ಎರಡೂ ಕೈಯನ್ನು ನನ್ನ ಎದೆಗೆ ಇಟ್ಟು ತಳ್ಳಿದಳು. ನಾನು ಗೋಡೆಗೆ ಬಡಿದು ಕುಸಿದೆ. ಅವಳು ಬಲಗಾಲು ಒಳಗಿಟ್ಟಳು. ಎಡಗಾಲು ಎತ್ತುವ ಮೊದಲೇ ನನ್ನ ಕಡೆ ನೋಡಿ, "ಅತ್ತಿಗೆ" ಎಂದಳು.